ಆರಡಿ ದಾಟಿದವರು ತಗ್ಗಿನ ಸ್ಪೋರ್ಟ್ಸ್ ಕಾರಿಗೆ ಹತ್ತಿ ಇಳಿಯೋದು ಹೇಗೆ?

ಮೈಸೂರಿನಲ್ಲಿ ಸ್ಪೋರ್ಟ್ಸ್ ಕಾರಿನ ಮಾತು ಬಂದರೆ, ಉದ್ದ ಆಳುಗಳು ಬೆಲೆಗಿಂತ ಮೊದಲು ಕೇಳೋದು ಇದನ್ನೇ: "ನನ್ನಂಥವನು ಅದರೊಳಗೆ ಹೋಗೋದು ಹೇಗೆ ಸಾರ್? ಹೋದಮೇಲೆ ಈಚೆಗೆ ಬರೋದು ಹೇಗೆ?" ಹೋಗಬಹುದು, ಬರಲೂಬಹುದು. ಇಂಥ ಎಷ್ಟೋ ಕಾರುಗಳಲ್ಲಿ ಒಳಗೆ ಕೂತಮೇಲೆ ಕಾಲು ಚಾಚೋಕೆ ಸಾಕಷ್ಟು ಜಾಗ ಇರುತ್ತೆ. ಕಷ್ಟವೆಲ್ಲ ಬಾಗಿಲ ಹತ್ತಿರದ ಕೆಲವು ಕ್ಷಣಗಳಲ್ಲಿ. ಅಲ್ಲಿ ಯಾವ ಅಂಗ ಮೊದಲು, ಯಾವುದು ಆಮೇಲೆ ಅನ್ನೋದು ಗೊತ್ತಿರಬೇಕು.

ಊಟದ ಮೇಜಿನ ಕುರ್ಚಿ ನೆಲದಿಂದ ಸುಮಾರು 45 ಸೆಂ.ಮೀ. ಎತ್ತರ ಇರುತ್ತೆ. ಪೋರ್ಷೆ 911ರ ಚಾವಣಿಯೇ ನೆಲದಿಂದ ಸುಮಾರು 1.3 ಮೀಟರ್, ಲೋಟಸ್ ಎಲೀಸ್ 1.12 ಮೀಟರ್ ಅಷ್ಟೇ. ಅಂದಮೇಲೆ ಸೀಟು ಕುರ್ಚಿಗಿಂತ ಎಷ್ಟೋ ಕೆಳಗಿರುತ್ತೆ. ಉದ್ದ ಕಾಲಿನವರು ಕೂತರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತೆ, ಮೈಭಾರ ಪಾದದ ಹಿಂದೆ ಉಳಿಯುತ್ತೆ. ಏಳುವಾಗ ತೊಡೆ ನಡುಗೋದು ಅದಕ್ಕೇ.

ತಯಾರಿ ಶುರುವಾಗೋದು ಹಿಂದಿನ ಸಲ ಇಳಿದಾಗಲೇ. ಎಂಜಿನ್ ಆರಿಸಿದಮೇಲೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಒರಗು ಸ್ವಲ್ಪ ಹಿಂದಕ್ಕೆ ವಾಲಿಸಿ, ಸ್ಟೀರಿಂಗ್ ಮೇಲೆತ್ತಿ ಡ್ಯಾಶ್‌ಬೋರ್ಡ್ ಕಡೆಗೆ ನೂಕಿ. ಮೆಮೊರಿ ಸೀಟ್ ಇದ್ದರೆ ಒಂದು ಬಟನ್ನಿಗೆ ಓಡಿಸುವ ಜಾಗ, ಇನ್ನೊಂದಕ್ಕೆ ಇಳಿಯುವ ಜಾಗ ಹಾಕಿಟ್ಟುಕೊಳ್ಳಿ. ಇಳಿಯುವ ಬಟನ್ನಿನಲ್ಲಿ, ತಲೆ ಚಾವಣಿಗೆ ತಾಗದ ಮಟ್ಟಿಗೆ, ಸೀಟನ್ನು ಮೇಲಕ್ಕೂ ಎತ್ತಿಡಿ. ಎರಡು ಬೆರಳಗಲ ಎದ್ದರೂ ಮಂಡಿಗೆ ದೊಡ್ಡ ಉಪಕಾರ.

911, ಬಿಎಂಡಬ್ಲ್ಯು ಜ಼ಡ್4, ಮಸ್ಟಾಂಗ್ ಥರದ ಕಾರುಗಳಿಗೆ ಕೂತು ತಿರುಗೋದೇ ಸರಿ. ಬಾಗಿಲು ಪೂರ್ತಿ ತೆರೆದು ಕಾರಿಗೆ ಬೆನ್ನು ಮಾಡಿ, ಮೀನಖಂಡ ಕಾರಿಗೆ ತಾಗುವವರೆಗೆ ಹಿಂದೆ ಸರಿಯಿರಿ. ಗದ್ದ ಎದೆಗೊತ್ತಿ, ಮುಂದಕ್ಕೆ ಬಾಗಿಕೊಂಡೇ ಸೀಟಿನ ಮೇಲೆ ಕೂರಿ. ಆಮೇಲೆ ಎರಡೂ ಮಂಡಿ ಜೋಡಿಸಿ, ಕಾಲೆರಡನ್ನೂ ಒಟ್ಟಿಗೆ ಒಳಕ್ಕೆ ತಿರುಗಿಸಿ. ಬಹಳ ಜನ ಮೊದಲು ಎಡಗಾಲು, ಅದರ ಹಿಂದೆಯೇ ತಲೆ ತೂರಿಸಿ ಧೊಪ್ಪನೆ ಬೀಳುತ್ತಾರೆ. ಮಂಡಿ ಸ್ಟೀರಿಂಗ್ ಕೆಳಗೆ ಸಿಕ್ಕಿಕೊಳ್ಳುತ್ತೆ, ತಲೆ ಚಾವಣಿಯ ಅಂಚಿಗೆ ಬಡಿಯುತ್ತೆ, ಪೂರ್ತಿ ಭಾರ ಸೀಟಿನ ಬಲಬದಿಯ ಉಬ್ಬಿನ ಮೇಲೆ ಬೀಳುತ್ತೆ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡೋಕೆ ಹೋದಾಗ ಆ ಉಬ್ಬನ್ನು ಗಮನಿಸಿ. ಮೊದಲು ಚರ್ಮ ಬಿರಿದು ಫೋಮ್ ಕೂತಿರೋದು ಅಲ್ಲೇ.

ಎಲೀಸ್ ಥರದ ಕಾರಿನಲ್ಲಿ ಬಾಗಿಲ ಕೆಳಗಿನ ಸಿಲ್, ಅಂದರೆ ಹೊಸ್ತಿಲಿನಂಥ ಅಂಚು, ಬಹಳ ಅಗಲ, ಎತ್ತರ. ಬೆನ್ನು ಮಾಡಿ ಕೂತರೆ ಸಿಲ್ ಮೇಲೇ ಕೂರ್ತೀರಿ. ಅಲ್ಲಿ ಎಡಗಾಲನ್ನು ಸ್ಟೀರಿಂಗ್ ಕೆಳಗೆ ಉದ್ದಕ್ಕೆ ಚಾಚಿ, ಸಿಲ್ ಮೇಲೆ ಕೈಯೂರಿ ಸೀಟಿಗೆ ಜಾರಬೇಕು, ತಲೆ ಒಳಗೆ ತಂದು ಕೊನೆಗೆ ಬಲಗಾಲು ಮಡಚಿ ಎಳೆದುಕೊಳ್ಳಬೇಕು. ಚಾವಣಿ ತೆಗೆಯೋಕೆ ಬಂದರೆ ತೆಗೆದೇ ಹತ್ತಿ, ಅರ್ಧ ಕಷ್ಟ ಕಳೆಯುತ್ತೆ. ಇದು ಹೊಸ ಸಮಸ್ಯೆಯೂ ಅಲ್ಲ. 1954ರ ಮರ್ಸಿಡಿಸ್ 300 ಎಸ್ಎಲ್‌ನಲ್ಲಿ ಪಕ್ಕದ ಕೊಳವೆ ಚೌಕಟ್ಟು ಅಷ್ಟು ಎತ್ತರ ಇತ್ತು ಅಂತ ಬಾಗಿಲನ್ನು ಮೇಲಕ್ಕೆ ತೆರೆಯುವ ಹಾಗೆ, ಸ್ಟೀರಿಂಗ್ ಮಡಚುವ ಹಾಗೆ ಮಾಡಿದರು. ಎತ್ತರದ ಆಳು, ಅಮೆರಿಕದ ರೇಸ್ ಚಾಲಕ ಡ್ಯಾನ್ ಗರ್ನಿಯ ಹೆಲ್ಮೆಟ್‌ಗೆ ಜಾಗ ಸಾಲದೆ ಫೋರ್ಡ್‌ನವರು ಜಿಟಿ40 ಮಾರ್ಕ್ 4 ರೇಸ್ ಕಾರಿನ ಚಾವಣಿಯಲ್ಲೇ ಒಂದು ಉಬ್ಬು ಎಬ್ಬಿಸಿದರು. ಫ್ರಾನ್ಸಿನಲ್ಲಿ ನಡೆಯುವ 24 ಗಂಟೆಗಳ ಲ ಮಾನ್ ರೇಸನ್ನು 1967ರಲ್ಲಿ ಆತ ಎ.ಜೆ. ಫಾಯ್ಟ್ ಜೊತೆ ಗೆದ್ದದ್ದು ಆ ಕಾರಿನಲ್ಲೇ.

ಇಳಿಯೋದು ಹತ್ತುವುದಕ್ಕಿಂತ ಕಷ್ಟ. ಸೀಟು ಹಿಂದೆ, ಸ್ಟೀರಿಂಗ್ ಮೇಲೆ, ಬಾಗಿಲು ಪೂರ್ತಿ. ಎರಡೂ ಕಾಲು ಹೊರಗಿಟ್ಟು ಸೀಟಿನ ಅಂಚಿಗೆ ಬನ್ನಿ. ಪಾದಗಳನ್ನು ಭುಜದಷ್ಟು ಅಗಲಿಸಿ, ಒಂದನ್ನು ಸಿಲ್ ಹತ್ತಿರಕ್ಕೆ ಹಿಂದೆ ಎಳೆದುಕೊಳ್ಳಿ. ಇದನ್ನು ಮರೆತರೆ ಮಿಕ್ಕ ಯಾವ ಉಪಾಯವೂ ಕೆಲಸಕ್ಕೆ ಬರಲ್ಲ, ಯಾಕಂದರೆ ಪಾದ ದೂರ ಇದ್ದಷ್ಟೂ ಎದ್ದವರು ವಾಪಸ್ ಕೂತುಬಿಡ್ತಾರೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ. ಒಂದು ಕೈ ಸೀಟಿನ ತಳದ ಮೇಲೆ, ಇನ್ನೊಂದು ಮುಂದಿನ ಗಾಜಿನ ಪಕ್ಕದ ಕಂಬದ ಮೇಲೆ. ತಲೆ ಚಾವಣಿಯಿಂದ ಆಚೆ ಬಂದಮೇಲಷ್ಟೇ ಸೊಂಟ ನೆಟ್ಟಗೆ ಮಾಡಿ. ಬಾಗಿಲಿಗೆ ಜೋತುಬೀಳಬೇಡಿ, ಕೂಪೆಯ (ಎರಡು ಬಾಗಿಲಿನ ಕಾರಿನ) ಬಾಗಿಲು ಉದ್ದ, ತೂಕ ಬಿದ್ದರೆ ಕೀಲು ಜಗ್ಗುತ್ತೆ. ಚೌಕಟ್ಟಿಲ್ಲದ ಗಾಜನ್ನಂತೂ ಹಿಡಿಯಲೇಬೇಡಿ. ಬೆನ್ನುಮೂಳೆಯ ಡಿಸ್ಕ್ ತೊಂದರೆ ಇರುವವರು ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟು ಸೊಂಟ ತಿರುಚಬಾರದು.

ಎಲ್ಲಿ ನಿಲ್ಲಿಸ್ತೀರಿ ಅನ್ನೋದೂ ಅಷ್ಟೇ ಮುಖ್ಯ. ಸಯ್ಯಾಜಿರಾವ್ ರಸ್ತೆಯಂಥ ಕಡೆ ಎಡಕ್ಕೆ ನಿಲ್ಲಿಸಿದರೆ ಡ್ರೈವರ್ ಬಾಗಿಲು ಬೈಕು, ಆಟೋ ಬರುವ ಕಡೆಗೇ ತೆರೆಯುತ್ತೆ, ಉದ್ದ ಕಾಲು ರಸ್ತೆಯಲ್ಲಿ ಬಹಳ ಹೊತ್ತು ಇರುತ್ತೆ. ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಮೈ ತಾನಾಗಿ ತಿರುಗಿ ಹಿಂದೆ ಬರುವವರು ಕಾಣುತ್ತಾರೆ. ಎಡಗಡೆ ಫುಟ್‌ಪಾತ್ ಎತ್ತರ ಇದ್ದರೆ ಒಂದೂವರೆ ಅಡಿ ಬಿಟ್ಟು ನಿಲ್ಲಿಸಿ. ಇಲ್ಲವಾದರೆ ಬಾಗಿಲ ಕೆಳಅಂಚು ಕಲ್ಲಿಗೆ ಉಜ್ಜುತ್ತೆ, ಪಕ್ಕದಲ್ಲಿ ಕೂತವರು ಸೀಟಿಗಿಂತ ಎತ್ತರದಲ್ಲಿ ಕಾಲಿಟ್ಟು ಏಳಬೇಕಾಗುತ್ತೆ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಮೂತಿ ಮೇಲಾಗಿದ್ದರೆ ಬಾಗಿಲು ತಾನೇ ಮುಚ್ಚಿಕೊಂಡು ಮೊಣಕಾಲಿಗೆ ಬಡಿಯುತ್ತೆ. ಮೂತಿ ಕೆಳಗಿದ್ದರೆ ಕೈತಪ್ಪಿ ಪಕ್ಕದ ಕಾರಿಗೆ ಹೊಡೆಯುತ್ತೆ.

ರೇಷ್ಮೆ ಪಂಚೆ, ಸೀರೆ ಉಟ್ಟವರಿಗೆ ಕೂತು ತಿರುಗುವ ಕ್ರಮವೇ ಮರ್ಯಾದೆ ಉಳಿಸೋದು. ಜೀನ್ಸ್ ಮಾತ್ರ ಚರ್ಮದ ಸೀಟಿಗೆ ಹಿಡಿದುಕೊಳ್ಳುತ್ತೆ. ಒಂದು ಪ್ಲಾಸ್ಟಿಕ್ ಕವರ್ ಹಾಸಿ ಕೂತರೆ ಸಲೀಸಾಗಿ ತಿರುಗಬಹುದು. ಹೊರಡುವ ಮುಂಚೆ ಮರೆಯದೆ ತೆಗೆಯಿರಿ, ಜೋರಾಗಿ ಬ್ರೇಕ್ ಹಾಕಿದರೆ ಮೈ ಬೆಲ್ಟಿನ ಕೆಳಗೆ ಜಾರಬಹುದು.

ಕೊಳ್ಳುವ ಮುಂಚೆ ಮನೆಯ ಕಾರ್ ಶೆಡ್ ಅಳೆಯಿರಿ. ಒಂಬತ್ತಡಿ ಶೆಡ್ ಅಂದರೆ 2.74 ಮೀಟರ್. ಈಗಿನ 911ರ ಮೈ ಅಗಲ 1.85 ಮೀಟರ್. ಎಡಗೋಡೆಗೆ ಒಂದು ಗೇಣಿಗಿಂತ ಕಡಿಮೆ, 15 ಸೆಂ.ಮೀ. ಬಿಟ್ಟರೂ ಬಲಕ್ಕೆ ಉಳಿಯೋದು 74 ಸೆಂ.ಮೀ. ಅದರಲ್ಲಿ ಉದ್ದ ಬಾಗಿಲು ಪೂರ್ತಿ ತೆರೆಯಲ್ಲ. ಶೋರೂಮಿನಲ್ಲಿ ಬಾಗಿಲನ್ನು ಅಷ್ಟೇ ತೆರೆದು, ದಿನಾ ಹಾಕುವ ಚಪ್ಪಲಿಯಲ್ಲೇ, ನಾಲ್ಕಾರು ಸಲ ಹತ್ತಿ ಇಳಿದು ನೋಡಿ. ಸೇಲ್ಸ್‌ನವರು ಆತುರಪಡಿಸಿದರೂ ಬಿಡಬೇಡಿ.