ದೀಪಸ್ತಂಭದ ಲಯಕ್ಕೆ ಶಟರ್ ಹೊಂದಿಸುವುದು

ಹಳೆಯ ದೀಪಸ್ತಂಭಗಳ ಚಿತ್ರಗಳಲ್ಲಿ ಹೆಚ್ಚಿನವು ಹಗಲಿನಲ್ಲಿ ತೆಗೆದವು. ಹಗಲಿನ ಚಿತ್ರಕ್ಕೂ ಅದರದೇ ಬೆಲೆಯಿದೆ, ಏಕೆಂದರೆ ಗೋಪುರದ ಬಣ್ಣದ ಪಟ್ಟೆಗಳು ಅಲಂಕಾರಕ್ಕಾಗಿ ಬಳಿದವಲ್ಲ. ದೂರದ ನಾವಿಕರು ಇದು ಯಾವ ತೀರವೆಂದು ಗುರುತಿಸಲಿ ಎಂದು ಬಳಿದವು. ಅಮೆರಿಕದ ಕೇಪ್ ಹ್ಯಾಟೆರಸ್‌ನಲ್ಲಿ 1870ರಲ್ಲಿ ಪೂರ್ಣಗೊಂಡ ಇಟ್ಟಿಗೆಯ ಗೋಪುರವನ್ನು ಸುತ್ತಿಕೊಂಡಿರುವ ಕಪ್ಪು ಬಿಳುಪು ಸುರುಳಿಯ ಉದ್ದೇಶವೂ ಅದೇ. ಆದರೂ ದೀಪಸ್ತಂಭವನ್ನು ಕಟ್ಟಿದ್ದು ರಾತ್ರಿಗಾಗಿ. ದೀಪ ಉರಿಯದ ಚಿತ್ರ ನನ್ನ ಪಾಲಿಗೆ ಅರ್ಧ ಚಿತ್ರ.

ಸೂರ್ಯ ಮುಳುಗಿದ ಮೇಲಿನ ಸುಮಾರು ಅರ್ಧ ಗಂಟೆಯಲ್ಲಿ ಆಕಾಶದ ನೀಲಿಯೂ ದೀಪದ ಬೆಳಕೂ ಒಂದೇ ಎಕ್ಸ್‌ಪೋಷರಿನಲ್ಲಿ, ಅಂದರೆ ಕ್ಯಾಮೆರಾದ ಶಟರ್ ಒಮ್ಮೆ ತೆರೆದು ಬೆಳಕನ್ನು ಒಳಬಿಡುವ ಅವಧಿಯಲ್ಲಿ, ಹಿಡಿಯುವಷ್ಟು ಸಮೀಪ ಬರುತ್ತವೆ. ಅದಕ್ಕೆ ಮೊದಲು ದೀಪ ಪೇಲವ, ಆಮೇಲೆ ಗೋಪುರವೇ ಕತ್ತಲಲ್ಲಿ ಕರಗುತ್ತದೆ. ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ನಿರ್ಧರಿಸಲು ಆ ದೀಪದ ಲಯವನ್ನು ಮೊದಲೇ ತಿಳಿದಿರಬೇಕು. ಪ್ರತಿ ದೀಪಕ್ಕೂ ಗೊತ್ತುಪಡಿಸಿದ ಮಿನುಗಿನ ಕ್ರಮವಿದ್ದು, ಅದು ನಾವಿಕರ ನಕ್ಷೆಗಳಲ್ಲಿ ದಾಖಲಾಗಿರುತ್ತದೆ. ಹ್ಯಾಟೆರಸ್ ದೀಪದ್ದು 7.5 ಸೆಕೆಂಡಿಗೊಂದು ಮಿನುಗು. ಅಲ್ಲಿ 2 ಸೆಕೆಂಡಿನ ಎಕ್ಸ್‌ಪೋಷರಿಗೆ ಬರಿಯ ಕತ್ತಲೆಯೇ ಸಿಕ್ಕಬಹುದು, 8 ಸೆಕೆಂಡಿಗೆ ಒಂದು ಮಿನುಗಂತೂ ಖಚಿತ; 30 ಸೆಕೆಂಡು ತೆರೆದಿಟ್ಟರೆ ನಾಲ್ಕು ಮಿನುಗುಗಳು ಒಂದರ ಮೇಲೊಂದು ಬಿದ್ದು, ದೀಪದ ಕೋಣೆಯ ಗಾಜು, ಚೌಕಟ್ಟುಗಳೆಲ್ಲ ಬಿಳಿಯಲ್ಲಿ ಮುಳುಗುವ ಸಂಭವ ಹೆಚ್ಚು.

ಆಕಾಶವನ್ನು ಸೀಳುವ ಕಿರಣ ಬೇಕೆಂದರೆ ಲೆಕ್ಕ ತಿರುಗುಮುರುಗಾಗುತ್ತದೆ. ದೀಪದ ಲೆನ್ಸ್ ಸುತ್ತುತ್ತಿರುವುದರಿಂದ ದೀರ್ಘ ಎಕ್ಸ್‌ಪೋಷರಿನಲ್ಲಿ ಕಿರಣ ಇಡೀ ಆಕಾಶಕ್ಕೆ ಹರಡಿ ಅಳಿಸಿಹೋಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಒಂದು ಸೆಕೆಂಡಿನೊಳಗೆ ಮುಗಿಸಬೇಕು. ಗಾಳಿಯಲ್ಲಿ ಮಂಜೋ ಸಮುದ್ರದ ಹನಿಯೋ ಇಲ್ಲದಿದ್ದರೆ ಪಕ್ಕದಿಂದ ನೋಡುವವರಿಗೆ ಕಿರಣ ಕಾಣುವುದೇ ಕಷ್ಟ, ಹೀಗಾಗಿ ಇತರರು ಕ್ಯಾಮೆರಾ ಮಡಚಿಡುವ ಮಸುಕು ಸಂಜೆಗಳೇ ಈ ಚಿತ್ರಕ್ಕೆ ಪ್ರಶಸ್ತ.

ಒಳಗೆ ಹೋಗಲು ಅನುಮತಿ ಸಿಕ್ಕರೆ ಲೆನ್ಸಿಗೇ ಸಮಯ ಕೊಡಿ. 1823ರಲ್ಲಿ ಫ್ರಾನ್ಸಿನ ಕೊರ್ಡುವಾನ್ ದೀಪಸ್ತಂಭದಲ್ಲಿ ಭೌತವಿಜ್ಞಾನಿ ಅಗಸ್ಟಿನ್ ಫ್ರೆನೆಲ್ ಅಳವಡಿಸಿದ ಬಗೆಯ ಈ ಲೆನ್ಸುಗಳು, ಗಾಜಿನ ಉಂಗುರಗಳ ಮೂಲಕ ಚದುರುವ ಬೆಳಕನ್ನು ಬಾಗಿಸಿ ಒಂದೇ ದಿಕ್ಕಿಗೆ ಕಳಿಸುತ್ತವೆ. ಬಿಸಿಲು ಒಳಮುಖವಾಗಿ ಕೇಂದ್ರೀಕರಿಸಿ ಬೆಂಕಿ ಹತ್ತಬಾರದೆಂದು ಹಗಲಿನಲ್ಲಿ ಪರದೆ ಎಳೆಯುವ ರೂಢಿಯಿತ್ತು.

ಇನ್ನು, ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ; ದೂರ ಸರಿದು, ಕ್ಯಾಮೆರಾವನ್ನು ಸಮತಲದಲ್ಲಿಡುವುದು ಲೇಸು.

ಇಲ್ಲದ ಕಿರಣವನ್ನು ತಂತ್ರಾಂಶದಲ್ಲಿ ಸೇರಿಸುವುದನ್ನು ನಾನು ಒಪ್ಪಲಾರೆ. ಬಣ್ಣ, ಲಯಗಳಿಂದಲೇ ಗುರುತು ಹೇಳುವ ದೀಪಕ್ಕೆ ಸುಳ್ಳು ಬೆಳಕು ಅಂಟಿಸಿದರೆ ಅದು ಬೇರೆ ದೀಪವಾಗುತ್ತದೆ. ಚಿತ್ರದ ಜೊತೆ ತೆಗೆದ ದಿನಾಂಕವನ್ನೂ ನಿಂತ ಜಾಗವನ್ನೂ ಬರೆದಿಡಬೇಕು. ಕಡಲು ಹತ್ತಿರವಾಗಿ ಅಪಾಯವೆನಿಸಿದ್ದರಿಂದ ಹ್ಯಾಟೆರಸ್ ಗೋಪುರವನ್ನು 1999ರಲ್ಲಿ ಇಡಿಯಾಗಿ ಸುಮಾರು 880 ಮೀಟರ್ ಒಳಕ್ಕೆ ಸರಿಸಲಾಯಿತು. ಅದಕ್ಕೆ ಮುಂಚಿನ ದಿನಾಂಕಸಹಿತ ಚಿತ್ರಗಳಲ್ಲಿ ನೀರು ಬುಡದತ್ತ ಸರಿದುಬಂದ ಬಗೆಯನ್ನು ವರ್ಷ ವರ್ಷಕ್ಕೂ ಹೋಲಿಸಿ ನೋಡಬಹುದು.