ಪಿಂಕ್ ಫ್ಲಾಯ್ಡ್: ಹಾಡುಗಳ ನಡುವಿನ ಬೆಸುಗೆ

ಕಾನ್ಸೆಪ್ಟ್ ಆಲ್ಬಮ್ (ಒಂದೇ ವಸ್ತುವಿನ ಸುತ್ತ ಹೆಣೆದ ಹಾಡುಗಳ ಆಲ್ಬಮ್) ಎಂದರೆ ಅದರಲ್ಲೊಂದು ಕಥೆ, ಕಥೆಗೊಬ್ಬ ನಾಯಕ ಇರಲೇಬೇಕೆಂದು ಹಲವರು ಭಾವಿಸುತ್ತಾರೆ. ಆದರೆ ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ 1973ರಿಂದ 1979ರವರೆಗೆ ಹೊರತಂದ ನಾಲ್ಕು ಆಲ್ಬಮ್‌ಗಳನ್ನು ಮತ್ತೆ ಮತ್ತೆ ಕೇಳುತ್ತ ಬಂದಿರುವ ನನಗೆ, ಹಾಡುಗಳನ್ನು ಒಂದಕ್ಕೊಂದು ಬೆಸೆದ ರೀತಿಯೇ ಅವುಗಳ ಜೀವಾಳವೆನ್ನಿಸುತ್ತದೆ.

‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎದೆಬಡಿತದಿಂದ ಆರಂಭವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ನಡುವೆ ಕಾಲ, ಹಣ, ಸಾವು, ಬುದ್ಧಿಭ್ರಮಣೆಗಳು ಬಂದುಹೋಗುತ್ತವೆ. ತಂಡದ ಗೀತರಚನೆಕಾರ ರೋಜರ್ ವಾಟರ್ಸ್ ಪ್ರಶ್ನೆಗಳನ್ನು ಕಾರ್ಡುಗಳ ಮೇಲೆ ಬರೆದು ಸ್ಟುಡಿಯೊದಲ್ಲಿದ್ದವರ ಮುಂದಿಟ್ಟರು. ಅಬೇ ರೋಡ್ ಸ್ಟುಡಿಯೊದ ದ್ವಾರಪಾಲಕರೂ ಸೇರಿದಂತೆ ಹಲವರು ಕೊಟ್ಟ ಉತ್ತರಗಳೇ ಹಾಡುಗಳ ಸಂದಿಯಲ್ಲಿ ತೇಲಿಬರುವ ಮಾತುಗಳು.

ನನ್ನ ಮಟ್ಟಿಗೆ ಇವುಗಳಲ್ಲಿ ಶ್ರೇಷ್ಠವಾದದ್ದು 1975ರ ‘ವಿಶ್ ಯು ವರ್ ಹಿಯರ್’. ತಂಡದ ಸ್ಥಾಪಕರಲ್ಲೊಬ್ಬರಾದ, ಮಾನಸಿಕ ಸ್ಥಿತಿ ಹದಗೆಟ್ಟು 1968ರಲ್ಲಿ ದೂರವಾದ ಸಿಡ್ ಬ್ಯಾರೆಟ್‌ರ ಗೈರುಹಾಜರಿಯೇ ಇದರ ವಸ್ತು. ಒಂಬತ್ತು ಭಾಗಗಳ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಅನ್ನು ಒಟ್ಟಿಗೆ ಇಡದೆ, ಮೊದಲ ಐದನ್ನು ಆರಂಭಕ್ಕೂ ಉಳಿದ ನಾಲ್ಕನ್ನು ಕೊನೆಗೂ ಇಟ್ಟಿದ್ದಾರೆ. ರಿಚರ್ಡ್ ರೈಟ್‌ರ ಕೀಬೋರ್ಡ್ ನಿಮಿಷಗಟ್ಟಲೆ ಹರಡಿಕೊಂಡ ಮೇಲಷ್ಟೇ ಡೇವಿಡ್ ಗಿಲ್ಮೋರ್‌ರ ಗಿಟಾರ್‌ನಿಂದ ಈ ಹಾಡಿನ ಗುರುತೇ ಆದ ನಾಲ್ಕು ಸ್ವರಗಳು ಹೊಮ್ಮುತ್ತವೆ. ಶೀರ್ಷಿಕೆ ಗೀತೆಯ ಮೊದಲಲ್ಲಿ ಯಾರೋ ರೇಡಿಯೊ ತಿರುಗಿಸುತ್ತಿರುವಂತೆ ಸದ್ದಾಗುತ್ತದೆ. ಅದರೊಳಗಿಂದ ಕ್ಷೀಣವಾದ ಗಿಟಾರ್ ಕೇಳಿಸುತ್ತಿದ್ದಂತೆ ಇನ್ನೊಂದು ಗಿಟಾರ್ ಹತ್ತಿರದಲ್ಲೇ ಕುಳಿತು ಅದಕ್ಕೆ ಜೊತೆಗೂಡುತ್ತದೆ. ದೂರವಿರುವವನನ್ನು ಕರೆಯುವ ಹಾಡಿಗೆ ಇದಕ್ಕಿಂತ ತಕ್ಕ ಪೀಠಿಕೆ ನನಗೆ ತೋಚದು. ಒಂಬತ್ತನೆಯ ಭಾಗ ಕರಗುವ ಹೊತ್ತಿಗೆ ಬ್ಯಾರೆಟ್‌ರೇ ಬರೆದ ‘ಸೀ ಎಮಿಲಿ ಪ್ಲೇ’ ಹಾಡಿನ ಧಾಟಿಯ ಒಂದು ತುಣುಕನ್ನು ರೈಟ್ ನುಡಿಸುತ್ತಾರೆ.

1977ರ ‘ಅನಿಮಲ್ಸ್’ ಆಲ್ಬಮ್‌ನ ‘ಡಾಗ್ಸ್’ ಮತ್ತು ‘ಶೀಪ್’ ಹಾಡುಗಳನ್ನು ತಂಡ 1974ರಲ್ಲೇ ಬೇರೆ ಹೆಸರುಗಳಲ್ಲಿ ವೇದಿಕೆಯ ಮೇಲೆ ನುಡಿಸಿತ್ತು. ಪ್ರಾಣಿಗಳ ರೂಪಕ ಅವುಗಳಿಗೆ ಆಮೇಲೆ ಕೂಡಿಬಂದದ್ದು. ಹಾಗಿದ್ದೂ ಎಲ್ಲಿಯೂ ತೇಪೆ ಕಾಣುವುದಿಲ್ಲ.

ನಿಜಕ್ಕೂ ನಾಯಕನಿರುವುದು 1979ರ ‘ದ ವಾಲ್’ನಲ್ಲಿ. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಪಿಂಕ್ ಎಂಬ ಗಾಯಕ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತಾನೆ. ವಾಟರ್ಸ್‌ರ ತಂದೆ ತೀರಿಕೊಂಡದ್ದೂ 1944ರಲ್ಲಿ, ಇಟಲಿಯ ಆನ್ಜಿಯೊ ಯುದ್ಧದಲ್ಲಿ. ‘ಕಂಫರ್ಟಬ್ಲಿ ನಂಬ್’ನಂತಹ ಹಾಡುಗಳು ಎಲ್ಲಿ ಕೇಳಿದರೂ ಮನಸ್ಸನ್ನು ಹಿಡಿದು ನಿಲ್ಲಿಸುತ್ತವೆ, ಆದರೆ ಕಥೆ ಮುಂದೆ ಸಾಗಲೆಂದೇ ಬರೆದ ಕೆಲವು ಕಿರುಗೀತೆಗಳಿಗೆ ತಮ್ಮದೇ ಆದ ಕಸುವಿಲ್ಲ. ಕೊನೆಯ ಹಾಡಿನ ಅಂತ್ಯದಲ್ಲಿ ಅರ್ಧಕ್ಕೆ ನಿಲ್ಲುವ ಮಾತಿನ ಉಳಿದರ್ಧ ಮೊದಲ ಹಾಡಿನ ಆರಂಭದಲ್ಲಿದೆ. ಮೊದಲ ಬಾರಿಗೆ ಕೇಳುವವರು ಹಾಡುಗಳ ಕ್ರಮವನ್ನು ಕಲಸುವ ಪ್ಲೇಯರ್‌ನ ಶಫಲ್ ಅನ್ನು ನಿಲ್ಲಿಸಿ, ಹಾಡುಗಳ ನಡುವೆ ಮೌನ ಬೀಳದಂತೆ ಹೊಂದಿಸಿಕೊಂಡು ಕೇಳಬೇಕು.