ಅರಾಲ್ಡೈಟ್ ಹಚ್ಚಿದ ಹಾಲುಹಲ್ಲು

ಎಂ.ಎ. ಮಾನವಶಾಸ್ತ್ರದ ಮೊದಲ ವರ್ಷ. ಸರ್ ಕಪಾಟಿನಿಂದ ಒಂದು ಪ್ಲಾಸ್ಟರ್ ಅಚ್ಚು ತೆಗೆದು, ಟವೆಲ್ ಹಾಸಿ ಮೇಜಿನ ಮೇಲಿಟ್ಟರು. ಪುಟ್ಟ ಮುಖ, ಬಾಯಿ ತುಂಬ ಹಲ್ಲು. “ಈ ಕೂಸಿನ ವಯಸ್ಸು ಎಷ್ಟ್ ಹೇಳ್ರಿ?”

ಅದು ಟೌಂಗ್ ಮಗು, ಲಕ್ಷಾಂತರ ವರ್ಷಗಳ ಹಿಂದೆ ಬದುಕಿದ್ದ ಮಾನವಪೂರ್ವ ಜಾತಿಯೊಂದರ ಕೂಸಿನ ಪಳೆಯುಳಿಕೆ. 1924ರಲ್ಲಿ ದಕ್ಷಿಣ ಆಫ್ರಿಕದ ಸುಣ್ಣಕಲ್ಲಿನ ಗಣಿಯಲ್ಲಿ ಸಿಕ್ಕಿದ್ದು. ಅಂಗರಚನಾ ತಜ್ಞ ರೇಮಂಡ್ ಡಾರ್ಟ್ ತಮ್ಮ ಹೆಂಡತಿಯ ಹೆಣಿಗೆ ಕಡ್ಡಿ ಮಸೆದುಕೊಂಡು ಕಲ್ಲು ಕೆರೆದು ಆ ಮುಖ ಬಿಡಿಸಿದ ಕಥೆಯನ್ನು ಸರ್ ಎಷ್ಟು ಸಲ ಹೇಳಿದರೂ ನಮಗೆ ಬೇಸರವಿರಲಿಲ್ಲ. ಹಾಲುಹಲ್ಲು ಇಪ್ಪತ್ತೂ ಇದ್ದವು. ಅವುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಆಗಷ್ಟೇ ಮೂಡಿತ್ತು. ನನ್ನ ತಮ್ಮನಿಗೆ ಅದು ಬಂದದ್ದು ಆರನೇ ವಯಸ್ಸಿಗೆ. “ಆರು ಸರ್” ಎಂದೆ. ಡಾರ್ಟ್ ಕೂಡ ಹಾಗೇ ಅಂದುಕೊಂಡಿದ್ದರಂತೆ.

“ಅದು ನಮ್ಮ ಮಕ್ಕಳ ಲೆಕ್ಕ. ಅದರ ಲೆಕ್ಕ ಅದರ ಹಲ್ಲಿನಾಗ ಐತಿ.”

ಮರುದಿನ ಭೂತಗನ್ನಡಿ, ಟಾರ್ಚು ಬಂದವು. ಒಬ್ಬರ ಬಾಚಿಹಲ್ಲನ್ನು ಇನ್ನೊಬ್ಬರು ನೋಡಬೇಕು. ಬೆಳಕನ್ನು ಓರೆಯಾಗಿ ಬಿಟ್ಟಾಗ ಗೆಳತಿಯ ಹಲ್ಲಿನ ಮೇಲೆ ಅಡ್ಡಡ್ಡ ಸಣ್ಣ ಅಲೆಗಳು ಕಂಡವು, ಗಾಳಿ ಬೀಸಿದ ಕೆರೆಯ ನೀರಿನಂತೆ. ಅವೇ ಪೆರಿಕೈಮೇಟಾ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಬೆಳೆಯುವಾಗ ಮೂಡುವ ಗೆರೆಗಳು. ಹೆಚ್ಚಿನವರಲ್ಲಿ ಒಂದು ಗೆರೆಗೆ ಏಳರಿಂದ ಒಂಬತ್ತು ದಿನ. ಇದ್ದಿಲು, ಉಪ್ಪು ಹಾಕಿ ತಿಕ್ಕಿ ಬೆಳೆದ ನನ್ನ ಹಲ್ಲಿನಲ್ಲಿ ಒಂದೂ ಉಳಿದಿರಲಿಲ್ಲ. ಇಡೀ ತರಗತಿ ನಕ್ಕಿತು.

1985ರಲ್ಲಿ ಬ್ರೋಮೇಜ್ ಮತ್ತು ಡೀನ್ ಎಂಬ ಸಂಶೋಧಕರು ಇಂಥ ಪಳೆಯುಳಿಕೆಗಳ ಬಾಚಿಹಲ್ಲಿನ ಗೆರೆಗಳನ್ನೇ ಎಣಿಸಿದ್ದರು. ಆ ಜಾಡಿನಲ್ಲಿ ನಡೆದ ಲೆಕ್ಕಗಳು ಟೌಂಗ್ ಮಗುವಿನ ವಯಸ್ಸನ್ನು ಮೂರು–ನಾಲ್ಕಕ್ಕೆ ಇಳಿಸಿದವು. ಅದು ಬೆಳೆದದ್ದು ನಮ್ಮಂತೆ ನಿಧಾನವಾಗಿ ಅಲ್ಲ, ಚಿಂಪಾಂಜಿ ಮರಿಯಂತೆ ಬೇಗಬೇಗ. ನಮ್ಮ ಉದ್ದನೆಯ ಬಾಲ್ಯ ಆಮೇಲೆ ಬಂದದ್ದು ಎಂದು ಕೇಳಿದ ದಿನ ನಾನು ಹಾಸ್ಟೆಲಿನ ಊಟ ಮರೆತು ಕೂತಿದ್ದೆ.

ಪರೀಕ್ಷೆಗೆ ವಾರವಿರುವಾಗ ಆ ಅಚ್ಚು ನನ್ನ ಕೈಜಾರಿತು. ಮುಂದಿನ ಒಂದು ಹಲ್ಲು ಚಟ್ಟನೆ ಹಾರಿ ಬೆಂಚಿನಡಿ ಸೇರಿತು. ಅಳು ಬರುವುದೊಂದು ಬಾಕಿ. ಸರ್ ಬಗ್ಗಿ, ಹುಡುಕಿ, ಅಂಗೈಯಲ್ಲಿಟ್ಟು ನೋಡಿದರು.

“ತಗೋ, ನೀನೇ ಗೆದ್ದಿ. ಹಾಲಹಲ್ಲ ಬಿತ್ತು, ಈಗ ಖರೇನ ಆರು ತುಂಬಿದ್ವು.”

ಹೋದ ವರ್ಷ ವಿಭಾಗಕ್ಕೆ ಹೋಗಿದ್ದೆ. ಸರ್ ಈಗಿಲ್ಲ. ಕಪಾಟಿನಲ್ಲಿ ಮಗು ಅಲ್ಲೇ ಇದೆ. ನಾವಿಬ್ಬರೂ ಸೇರಿ ಹಚ್ಚಿದ ಅರಾಲ್ಡೈಟ್ ಹಳದಿಗಟ್ಟಿದೆ, ಹಲ್ಲು ಕೊಂಚ ವಾರೆ.